‘ನನ್ನ ಅಡ್ಡಹೆಸರು ಕೇಳ್ರೆಪಾ!’

ಹುಬ್ಬಳ್ಳಿ ವಿದ್ಯಾನಗರದ ಒಂದು ರೂಮು, ರಾತ್ರಿ ಹನ್ನೊಂದು. ಮೇಜಿನ ಮೇಲೆ ಮೆತ್ತಗಾದ ಗಿರ್ಮಿಟ್ಟು, ಉಳಿದ ಒಂದೇ ಮಿರ್ಚಿ. ನನ್ನ ಪೈಥಾನ್ ಸ್ಕ್ರಿಪ್ಟು ನಾಲ್ಕನೇ ಸಲ ‘ನನ್’ ಅಂದಿತು. ಏನೂ ಸಿಗಲಿಲ್ಲ ಅಂತ ಅರ್ಥ. ಸಿಟ್ಟು ಬಂದು ಅದು ಓದಬೇಕಿದ್ದ ಫೈಲನ್ನೇ ಮಾತಾಡಿಸಿದೆ. ಅದರ ಜಾತಿ ಡಬ್ಲ್ಯೂಎಸ್‌ಡಿಎಲ್. ಒಂದು ವೆಬ್ ಸೇವೆ ಏನು ಕೇಳುತ್ತದೆ, ಏನು ಕೊಡುತ್ತದೆ, ಎಲ್ಲಿ ಸಿಗುತ್ತದೆ ಅಂತ ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟ ಕರಾರುಪತ್ರ.

ನಾನು: ನಮಸ್ಕಾರ್ರೀ ಅಜ್ಜಾರ. ವಯಸ್ಸು?

ಫೈಲು: 2001ರ ಮಾರ್ಚ್‌ದಾಗ ಅರಿಬಾ, ಐಬಿಎಂ, ಮೈಕ್ರೋಸಾಫ್ಟ್ ಮೂವರೂ ಕೂಡಿ ನನ್ನ ವೆಬ್ಬಿನ ಮಾನಕ ಬರಿಯೂ ಡಬ್ಲ್ಯೂ3ಸಿ ಕಟ್ಟಿ ಮ್ಯಾಲೆ ತಂದು ಕುಂದರಿಸಿದ್ರು. ಕಟ್ಟಿಯವರು ಬರೇ ‘ನೋಟ್’ ಅಂತ ಬರಕೊಂಡ್ರು. 2007ರಾಗ ತಮ್ಮ ಬಂದ, 2.0. ಅವಗ ಪೂರಾ ಶಿಫಾರಸು, ಮರ್ಯಾದಿ. ದುಡಿಯಾಕ ಮಾತ್ರ ಇವತ್ತಿಗೂ ನನ್ನ 1.1 ಬೇಕು.

ನಾನು: ನಿಮ್ಮನ್ನ ಸ್ಕ್ರೋಲ್ ಮಾಡೂದಂದ್ರ ನಮ್ಮ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ನಡದಂಗ ಆಗ್ತೈತ್ರೀ. ಸೇವಾದ ಕೆಲಸ ಪಟ್ಟಿ ಮಾಡಿದ ‘ಪೋರ್ಟ್‌ಟೈಪ್’ ಅನ್ನೂ ಎಲಿಮೆಂಟ್ ಕಣ್ಣಿಗೆ ಕಾಣ್ತೈತಿ, ಸ್ಕ್ರಿಪ್ಟಿಗೆ ಸಿಗವಲ್ದು.

ಫೈಲು: ಧಾರವಾಡ ಮಾರ್ಕೆಟ್ಟಿನಾಗ ನಿಂತು ‘ಬಸವರಾಜಾ’ ಅಂತ ಒದರಿ ನೋಡು. ನಾಕು ಮಂದಿ ತಿರಗತಾರ. ಉಳ್ಳಾಗಡ್ಡಿ ಬಸವರಾಜೋ, ಮೆಣಸಿನಕಾಯಿ ಬಸವರಾಜೋ? ನನ್ನೊಳಗ ನೇಮ್‌ಸ್ಪೇಸ್ ಅಂದ್ರ ಅಡ್ಡಹೆಸರು. ಎಕ್ಸ್‌ಎಂಎಲ್ ಓದೂ ಪೈಥಾನಿನ ಎಲಿಮೆಂಟ್‌ಟ್ರೀ ಶಿಸ್ತಿನ ಮನಶ್ಯಾ. ಸುರುಳಿ ಕಂಸದಾಗ ಪೂರ್ತಿ ಅಡ್ಡಹೆಸರು ಬರದು, ಆಮ್ಯಾಲೆ ಪೋರ್ಟ್‌ಟೈಪ್ ಅಂದ್ರನ ಹೊಳ್ಳಿ ನೋಡ್ತಾನ.

ನಾನು: ಮೊನ್ನಿ ಫೈಲಿನಾಗ ಮುಂದ ಪ್ರಿಫಿಕ್ಸ್ ಇತ್ತಲ್ರೀ, ಅದನ್ನ ಹುಡುಕಿದ್ದೆ.

ಫೈಲು: ಅದು ಮನ್ಯಾಗ ಕರಿಯೂ ಹೆಸರು. ಒಂದು ಮನ್ಯಾಗ ಪುಟ್ಟ್ಯಾ, ಇನ್ನೊಂದು ಮನ್ಯಾಗ ಬಾಳ್ಯಾ. ಒಬ್ಬೊಬ್ಬರು ಏನೂ ಇಡೂದಿಲ್ಲ. ಅದನ್ನ ನಂಬಿ ಕೋಡ್ ಬರದಿ?

(ಎರಡು ದಿನ ರೆಗ್ಯುಲರ್ ಎಕ್ಸ್‌ಪ್ರೆಷನ್ ಹಾಕಿ ಕೆದರಿದ್ದನ್ನು ನಾನು ಬಾಯಿಬಿಡಲಿಲ್ಲ.)

ನಾನು: ಪೋರ್ಟ್‌ಟೈಪ್ ಸಿಕ್ಕಮ್ಯಾಲೆ ಮುಗೀತೇನ್ರೀ?

ಫೈಲು: ಎಲ್ಲಿ ಮುಗೀತೈತಿ! ಅದು ಕೆಲಸದ ಹೆಸರಷ್ಟ ಹೇಳ್ತೈತಿ. ಏನು ಕೊಡಬೇಕಂದ್ರ ‘ಮೆಸೇಜ್’ ಕಡೆ ಹೋಗು. ಅದು ‘ಟೈಪ್ಸ್’ ಕಡೆ ಕಳಸ್ತೈತಿ. ಅಲ್ಲಿ ಒಂದ ಸಾಲು: ಸ್ಕೀಮಾ ಬ್ಯಾರೆ ಫೈಲಿನಾಗ ಐತಿ, ಇಂಪೋರ್ಟ್ ಮಾಡ್ಕೋ.

ನಾನು: ಹೊಲದ ಉತಾರಕ್ಕ ಕಚೇರಿ ಕಚೇರಿ ಅಡ್ಡ್ಯಾಡಿದಂಗಾತು.

ಫೈಲು: ನಮ್ಮಲ್ಲಿ ಯಾರೂ ಊಟಕ್ಕ ಎದ್ದು ಹೋಗೂದಿಲ್ಲ, ಅಷ್ಟ ಫರಕು. ಅಲ್ಲಾ, ಕೈಯಾರೆ ಯಾಕ ಬಗೀತಿ? ನನ್ನ ತಾನ ಓದಿಕೊಳ್ಳಾಕ ಪೈಥಾನಿಗೆ ‘ಝೀಪ್’ ಅಂತ ಲೈಬ್ರರಿ ಐತಿ. ಡಚ್ ಭಾಷಾದಾಗ ಝೀಪ್ ಅಂದ್ರ ಸಬಕಾರ. ನನ್ನ ಸಂದೇಶ ಹೊತ್ತೊಯ್ಯೂ ಪ್ರೋಟೋಕಾಲ್ ‘ಸೋಪ್’ ಅಲ್ಲೇನು, ಅದಕ್ಕ. ಜಾವಾದಾಗ ಇದ ಕೆಲಸಕ್ಕ ‘ಡಬ್ಲ್ಯೂಎಸ್‌ಇಂಪೋರ್ಟ್’ ಮನಿ ಮಗನಂಗ ಇದ್ದ. 2018ರಾಗ ಜಾವಾ 11 ಬಂದಾಗ ಅವನ ಗಂಟುಮೂಟೆ ಕಟ್ಟಿಸಿ ಹೊರಗ ಹಾಕಿದ್ರು. ಈಗ ಬೇಕಾದವರು ತಾವ ಹೋಗಿ ಕರಕೊಂಡು ಬರಬೇಕು.

ನಾನು: ಎಕ್ಸ್‌ಎಂಎಲ್ ಬಿಟ್ಟು ಜೇಸನ್ ಹಿಡದ ಹುಡುಗರು ನಿಮ್ಮನ್ನ ನೋಡಿ ನಗತಾರ.

ಫೈಲು: ನಗಲಿ. ಕರಾರುಪತ್ರ ಯಾಕ ಬೇಕು ಅಂತ ಹಾರಾಡತಿದ್ರು. ಈಗ ಓಪನ್‌ಎಪಿಐ ಅಂತ ತಾವೂ ಕರಾರು ಬರಕೋತ ಕುಂತಾರ.

ನಾನು: ಝೀಪ್ ಹಾಕಿದೆ ಅಜ್ಜಾರ. ಓದಿತು. ಸೇವಾ ಕರದ್ರ ಕನೆಕ್ಷನ್ ಸಿಗವಲ್ದು.

ಫೈಲು: (ಕೆಮ್ಮಿ) ಕಡೀಕ ‘ಸರ್ವಿಸ್’ ಐತಿ. ಅದರೊಳಗ ‘ಪೋರ್ಟ್’. ವಿಳಾಸ ನೋಡು.

ನೋಡಿದೆ. ಲೋಕಲ್‌ಹೋಸ್ಟ್, 8080.

ನಾನು: ಇದು ನನ್ನ ಲ್ಯಾಪ್‌ಟಾಪೇ ಅಲ್ಲೇನ್ರೀ!

ಫೈಲು: ನನ್ನ ತಯಾರ ಮಾಡಿದ ಪುಣ್ಯಾತ್ಮ ತನ್ನ ಮಷೀನಿನಾಗ ಮಾಡಿದ, ಹಂಗ ಕಳಿಸಿದ. ಆಟೋದವಗ ‘ನಮ್ಮನಿಗೆ ನಡಿ’ ಅಂದಂಗ.

ನಾನು: ಖರೇ ವಿಳಾಸ ಯಾರ್ನ ಕೇಳೂದು?

ಫೈಲು: ಸೇವಾ ಕೊಟ್ಟವರಿಗೆ ಫೋನ್ ಹಚ್ಚು, ತಮ್ಮಾ.

ಮರುದಿನ ಮುಂಜಾನೆ ಹತ್ತಕ್ಕೆ ಹಚ್ಚಿದೆ. ಆ ಕಡೆಯವರು ಭಾಳ ಸಮಾಧಾನದಿಂದ ಹೇಳಿದರು: “ವಿಳಾಸ ಡಬ್ಲ್ಯೂಎಸ್‌ಡಿಎಲ್‌ದಾಗ ಐತ್ರೀ ಸರ್, ಒಂದಸಲ ನೋಡ್ಕೋರಿ.”