ಹೊಗೆ ನೋಡಿ ಭವಿಷ್ಯ

ಹಳೇ ಮಾರುತಿ 800 ಬಾನೆಟ್ ಎತ್ತಿಕೊಂಡು ನಿಂತಿತೆಂದರೆ ಸಾಕು, ಬೀದಿಯವರೆಲ್ಲ ಡಾಕ್ಟರೇ. ಹಾಲು ತರಲು ಹೊರಟವರು "ಕಾರ್ಬುರೇಟರಲ್ಲಿ ಕಸ" ಅಂತಾರೆ. ವಾಕಿಂಗ್ ಮುಗಿಸಿ ಬಂದ ರಿಟೈರ್ಡ್ ಮೇಷ್ಟ್ರು "ಬೋರ್ ಹೋಗಿದೆ, ಮಾರಿಬಿಡಿ" ಎಂದು ತೀರ್ಪನ್ನೇ ಕೊಡುತ್ತಾರೆ. ಇಬ್ಬರ ಹತ್ತಿರವೂ ಕಾರಿಲ್ಲ.

ಇರುವುದೇ 796 ಸಿಸಿ, ಮೂರು ಸಿಲಿಂಡರ್. ಒಂದು ಮುಷ್ಕರ ಹೂಡಿದರೂ ಗೇರ್ ಲಿವರ್ ನಡುಗುತ್ತದೆ, ಡ್ಯಾಶ್‌ಬೋರ್ಡಿನ ಗಣಪ ತಲೆಯಾಡಿಸುತ್ತಾನೆ. ಮೆಕ್ಯಾನಿಕ್ ಮಾತಾಡುವುದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುತ್ತಾನೆ. ಯಾವುದನ್ನು ಕಿತ್ತರೂ ಸದ್ದು ಬದಲಾಗುವುದಿಲ್ಲವೋ ಅದೇ ಸೋಮಾರಿ! (ಆಫೀಸುಗಳಲ್ಲೂ ಈ ಪರೀಕ್ಷೆ ಜಾರಿಗೆ ತರಬಹುದು.) ಬಿಚ್ಚಿದ ಪ್ಲಗ್ಗಿನ ತುದಿ ತಿಳಿಗಂದಾಗಿದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಆಯಿಲ್ ಜಿಡ್ಡಾಗಿದ್ದರೆ ಖರ್ಚು ಜಾಸ್ತಿ.

ಹೊಗೆ ಕಪ್ಪಿದ್ದರೆ ಚೋಕ್, ಏರ್ ಫಿಲ್ಟರ್ ನೋಡಿ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಸ್ವಲ್ಪ ಹೊತ್ತು ಬಂದರೆ ಬರಲಿ ಬಿಡಿ. ಬಿಸಿಯಾದ ಮೇಲೂ ನಿಲ್ಲದೆ, ಆಯಿಲ್ ಮುಚ್ಚಳದಡಿ ಕಾಫಿ ಬಣ್ಣದ ಕೆನೆಯೂ ಕಂಡರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೇ ಅನುಮಾನ. ಆಗ "ರೇಡಿಯೇಟರ್ ಮುಚ್ಚಳ ತೆಗೆದು ನೋಡೇಬಿಡೋಣ" ಎನ್ನುವ ಉತ್ಸಾಹಿಗಳನ್ನು ಎಂಜಿನ್ ತಣಿಯುವ ತನಕ ರಾಜಕೀಯ ಮಾತಾಡಿಸುತ್ತಾ ದೂರದಲ್ಲೇ ನಿಲ್ಲಿಸಿಕೊಳ್ಳಿ.