ನಿಮ್ಮ ಮಾನೊಸೈಟ್: ಬಳಕೆದಾರರ ಕೈಪಿಡಿ

ಈ ಸಾಧನವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ. ನೀವೇನೂ ಆರಿಸಿಕೊಂಡಿಲ್ಲ, ಹುಟ್ಟುವಾಗಲೇ ರಕ್ತದಲ್ಲಿ ಓಡಾಡುತ್ತಿತ್ತು. ಆದರೂ ಒಮ್ಮೆ ಓದಿಕೊಳ್ಳಿ.

1. ಪರಿಚಯ
ಮಾನೊಸೈಟ್ ಒಂದು ಬಗೆಯ ಬಿಳಿ ರಕ್ತಕಣ. ಸಹಜ ರೋಗನಿರೋಧಕ ಪಡೆಯ ಆಳು. ಒಳನುಗ್ಗಿದ ರೋಗಾಣುವಿನ ಊರು, ಹೆಸರು ವಿಚಾರಿಸುತ್ತ ಕೂರುವ ಜಾಯಮಾನ ಇದರದಲ್ಲ. ನೆನಪಿನ ಶಕ್ತಿ ಟಿ ಮತ್ತು ಬಿ ಕೋಶಗಳೆಂಬ ಬೇರೆ ಬಿಳಿ ರಕ್ತಕಣಗಳಿಗೆ ಮಾತ್ರ ಎಂದು ಹಳೆಯ ಆವೃತ್ತಿಗಳಲ್ಲಿ ಅಚ್ಚಾಗಿತ್ತು. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ.

2. ಅಳವಡಿಕೆ
ಮಾನೊಸೈಟ್‌ಗೂ ನೆನಪು ಕಲಿಸಲು ಕ್ಷಯದ ಬಿಸಿಜಿ ಲಸಿಕೆ ಬಳಸಿ. ಫ್ರಾನ್ಸಿನ ಲೀಲ್ ನಗರದಲ್ಲಿ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ 13 ವರ್ಷ ಬೆಳೆಸಿ ಅದರ ಸೊಕ್ಕಡಗಿಸಿದರು. 1921ರಲ್ಲಿ ಮೊದಲ ಮಗುವಿಗೆ ಅದನ್ನು ಕುಡಿಸಲಾಯಿತು. ಈಗ ನಮ್ಮಲ್ಲಿ ನವಜಾತ ಶಿಶುವಿನ ಎಡತೋಳಿಗೆ, ಚರ್ಮದ ಪದರದೊಳಗೆ, 0.05 ಮಿಲಿ ಚುಚ್ಚುತ್ತಾರೆ. ಕೆಲವು ವಾರಗಳಲ್ಲಿ ಗುಳ್ಳೆ ಎದ್ದು, ಒಡೆದು, ಒಣಗಿ ಕಲೆಯಾಗುತ್ತದೆ. ಅಷ್ಟರಲ್ಲಿ ಅಜ್ಜಿ ಅರಿಶಿನದ ಬಟ್ಟಲು ಹಿಡಿದು ಬಂದರೆ ನಯವಾಗಿ ತಡೆಯಿರಿ. ಏನನ್ನೂ ಹಚ್ಚಬಾರದು.

3. ಒಳಗೆ ನಡೆಯುವ ಕೆಲಸ
ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ತೆಪ್ಪಗಿರುತ್ತದೆ. ಬಿಸಿಜಿಯ ಚೂರನ್ನು ನಾಡ್2 ಎಂಬ ಗ್ರಾಹಕ ಪತ್ತೆಹಚ್ಚಿದ ಮೇಲೆ, ಉರಿಯೂತದ ಜೀನ್‌ಗಳು ಶುರುವಾಗುವಲ್ಲಿ ಎಚ್3 ಹಿಸ್ಟೋನಿನ 4ನೇ ಲೈಸಿನ್‌ಗೆ ಮೂರು ಮೀಥೈಲ್ ಗುಂಪುಗಳು ಅಂಟಿಕೊಳ್ಳುತ್ತವೆ. ಡಿಎನ್‌ಎಯ ಒಂದಕ್ಷರವೂ ಬದಲಾಗುವುದಿಲ್ಲ; ಬೇಕಾದ ಪುಟಕ್ಕೆ ನವಿಲುಗರಿ ಇಟ್ಟ ಹಾಗೆ, ಅಷ್ಟೇ. ಮುಂದಿನ ಸಲ ಹುಡುಕಾಟವಿಲ್ಲದೆ ಓದು ಶುರು.

4. ಪರೀಕ್ಷಿಸುವ ಬಗೆ
ಇದನ್ನು ಮನೆಯಲ್ಲಿ ಮಾಡಬೇಡಿ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ಮಿಹಾಯ್ ನೆಟಿಯಾ ತಂಡ ಈಗಾಗಲೇ ಮಾಡಿದೆ. ಆರೋಗ್ಯವಂತ ಸ್ವಯಂಸೇವಕರಿಗೆ ಬಿಸಿಜಿ ಕೊಟ್ಟು, ಅವರ ಮಾನೊಸೈಟ್‌ಗಳ ಮುಂದೆ ಕ್ಷಯಕ್ಕೆ ಸಂಬಂಧವೇ ಇಲ್ಲದ ಕ್ಯಾಂಡಿಡಾ ಶಿಲೀಂಧ್ರವನ್ನು ಇಟ್ಟರು. ಲಸಿಕೆ ಹಾಕಿ ಮೂರು ತಿಂಗಳಾದ ಮೇಲೂ ಕೋಶಗಳು ಮೊದಲಿಗಿಂತ ಜೋರಾಗಿಯೇ ತಿರುಗಿಬಿದ್ದವು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

5. ಸಾಮಾನ್ಯ ದೂರು
ದೂರು: ಮಾನೊಸೈಟ್ ರಕ್ತದಲ್ಲಿ ಬದುಕುವುದೇ ಕೆಲವು ದಿನ. ತಿಂಗಳುಗಟ್ಟಲೆ ನೆನಪು ಎಲ್ಲಿಂದ ಬಂತು?
ಉತ್ತರ: ತಯಾರಾಗುವ ಜಾಗವನ್ನು ವಿಚಾರಿಸಿ. ಪಾಠ ಮೂಳೆಮಜ್ಜೆಯ ಕಾಂಡಕೋಶಗಳಿಗೂ ತಲುಪಿರುತ್ತದೆ. 2018ರಲ್ಲಿ ಇಲಿಗಳಲ್ಲಿ, ಬಳಿಕ ಮನುಷ್ಯರಲ್ಲೂ ಇದು ಕಂಡುಬಂತು. ಹೊಸದಾಗಿ ಹುಟ್ಟುವ ಮಾನೊಸೈಟ್ ಕಲಿತೇ ಹೊರಬರುತ್ತದೆ.

6. ಎಚ್ಚರಿಕೆ ಮತ್ತು ಖಾತರಿ
ಚುರುಕು ಅತಿಯಾದರೆ ಉರಿಯೂತವೂ ಅತಿಯಾದೀತು. ಬಿಸಿಜಿಯನ್ನು ಸರ್ವರೋಗಕ್ಕೂ ಒಂದೇ ಮದ್ದೆಂದು ನಂಬಿ ಕೂರಬೇಡಿ: ಆರೋಗ್ಯ ಸಿಬ್ಬಂದಿಯ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಬಿಸಿಜಿ ಕೋವಿಡ್ಡನ್ನು ತಡೆಯಲಿಲ್ಲ. ಆಯಾ ರೋಗದ ಲಸಿಕೆಯನ್ನು ಆಯಾ ಕಾಲಕ್ಕೆ ಹಾಕಿಸದೆ ಮಾನೊಸೈಟನ್ನು ದೂರುವ ಗ್ರಾಹಕರಿಗೆ ಖಾತರಿ ಅನ್ವಯಿಸುವುದಿಲ್ಲ.