ಬೈನಾಕ್ಯುಲರ್ ಕೊಂಡವರ ಪಾಡು

ಹಕ್ಕಿ ನೋಡುವ ಹುಚ್ಚು ಹತ್ತಿದವರು ಮೊದಲು 8×42ರ ಬೈನಾಕ್ಯುಲರ್ ಕೊಳ್ಳುತ್ತಾರೆ. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಫೋಕಸ್ ತಿರುಗಿಸುವಷ್ಟರಲ್ಲಿ ಹಕ್ಕಿ ಪಕ್ಕದ ತಾಲ್ಲೂಕು ಸೇರಿರುತ್ತದೆ. ಎಲೆ ಮಾತ್ರ ಬಲು ಸ್ಪಷ್ಟ. ಉಪಾಯ ಇಷ್ಟೇ: ನೋಟ ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರೇ ಕಣ್ಣಿಗೆ ಬರಲಿ.

ಶುರುವಿಗೇ ರಂಗನತಿಟ್ಟಿಗೆ ಓಡಬೇಕಿಲ್ಲ. ಕರೆಂಟ್ ತಂತಿಯ ಮೇಲೆ ಕವಲು ಬಾಲದ ಕಾಜಾಣ ಕೂತಿರುತ್ತದೆ. ಹುಳ ಕಂಡರೆ ಛಂಗನೆ ಹಾರಿ, ಹಿಡಿದು, ಮತ್ತೆ ಬಹುಮಟ್ಟಿಗೆ ಅದೇ ಜಾಗಕ್ಕೆ. ಕಲಿಯುವವರ ಮೇಲೆ ಇಷ್ಟು ಕರುಣೆಯುಳ್ಳ ಹಕ್ಕಿ ಇನ್ನೊಂದಿಲ್ಲ. ಟಿಟ್ಟಿಭ ಹಾಗಲ್ಲ, ನೀವು ಕೆರೆ ಏರಿ ಹತ್ತುವ ಮೊದಲೇ ಊರಿಗೆಲ್ಲ ಡಂಗುರ ಸಾರುತ್ತದೆ.

ಅದನ್ನು ಕೇಳಿ ದನ ಮೇಯಿಸುವ ಅಜ್ಜ ಬರುತ್ತಾನೆ. "ಏನ್ ಸ್ವಾಮಿ, ಸರ್ವೆನಾ? ನಮ್ ಹೊಲ ಹೋಗುತ್ತಾ?" ಹಕ್ಕಿ ನೋಡಲು ಬಂದೆ ಎಂದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.